ಹಾಡದ ಕೋಗಿಲೆ, ಸಂದಿಯಲ್ಲಿ ಸೇರಿದ ‘ಮೂರು’: ಸಮುರಾಯ್ ಸರದಾರರ ಜನಪ್ರಿಯ ಚರಿತ್ರೆಗಳನ್ನು ಓದುವ ಬಗ್ಗೆ

ಒಂದು ಹಕ್ಕಿಯಿಂದ ಶುರು ಮಾಡ್ತೀನಿ. ಜಪಾನಿನಲ್ಲಿ ಹೊತೊತೊಗಿಸು ಅಂತ ಒಂದು ಹಕ್ಕಿ ಇದೆ, ನಮ್ಮ ಕೋಗಿಲೆಯ ಬಳಗದ್ದೇ. ಅದು ಮೂವರು ಸರದಾರರ ಮುಂದೆ ಕೂತಿದೆ, ಬಾಯಿ ಬಿಡ್ತಾ ಇಲ್ಲ. ಓದಾ ನೊಬುನಾಗ ಹೇಳ್ತಾನೆ: ಹಾಡದಿದ್ದರೆ ಕೊಂದುಬಿಡು. ತೊಯೊತೊಮಿ ಹಿಡೆಯೋಶಿ ಹೇಳ್ತಾನೆ: ಹಾಡದಿದ್ದರೆ ನಾನು ಹಾಡಿಸಿ ತೋರಿಸ್ತೀನಿ. ತೊಕುಗಾವಾ ಇಯೆಯಾಸು ಹೇಳ್ತಾನೆ: ಹಾಡೋ ತನಕ ಕಾಯಿ.

ನಿಮ್ಮಲ್ಲಿ ಕೆಲವರು ಆಗಲೇ ತಲೆ ಆಡಿಸಿದಿರಿ. ಗೊತ್ತಿರಬೇಕಾದ್ದೇ. ಸಮುರಾಯ್ ಸರದಾರರ ಮೇಲೆ ಬಂದ ಯಾವ ಜನಪ್ರಿಯ ಪುಸ್ತಕ ತೆರೆದರೂ ಮೊದಲ ಇಪ್ಪತ್ತು ಪುಟದೊಳಗೆ ಈ ಹಕ್ಕಿ ಬಂದು ಕೂರುತ್ತೆ. ಮೂರು ಸಾಲಲ್ಲಿ ಮೂರು ಸ್ವಭಾವ, ಮೂರು ಸಾಲಲ್ಲಿ ಐವತ್ತು ವರ್ಷದ ಚರಿತ್ರೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳೋಕಾಗಲ್ಲ.

ಆದರೆ ಈ ಮೂರು ಸಾಲು ಹೆಸರಾದದ್ದು ‘ಕಾಶ್ಶಿ ಯಾವಾ’ ಅನ್ನೋ ಸಂಗ್ರಹದಿಂದ. ಅದನ್ನ ಬರೆದವನು ಹಿರಾದೊ ಸಂಸ್ಥಾನದ ನಿವೃತ್ತ ದೊರೆ ಮಾತ್ಸುರಾ ಸೇಯ್‌ಜಾನ್. ಅಧಿಕಾರ ಮಗನಿಗೆ ಒಪ್ಪಿಸಿ, ರಾತ್ರಿ ಹೊತ್ತು ಕೂತು, ಕೇಳಿದ್ದು ಕಂಡಿದ್ದನ್ನೆಲ್ಲ ಬರೀತಾ ಹೋದ ಮನುಷ್ಯ. ಬರೆಯೋಕೆ ಶುರು ಮಾಡಿದ್ದು 1821ರಲ್ಲಿ. ನೊಬುನಾಗ ಸತ್ತದ್ದು 1582ರಲ್ಲಿ. ನಡುವೆ ಸುಮಾರು 240 ವರ್ಷ. ಇನ್ನೊಂದು ಗಮನಿಸಿ, 1821ರಲ್ಲಿ ಜಪಾನನ್ನ ಆಳ್ತಾ ಇದ್ದದ್ದು ಯಾರು? ಇಯೆಯಾಸುವಿನ ವಂಶದವರು. ಮೂರರಲ್ಲಿ ಒಳ್ಳೆ ಸಾಲು ಯಾರ ಪಾಲಿಗೆ ಬಂದಿದೆ ನೋಡಿ.

ಇವತ್ತು ನಾನು ಹೇಳೋದು ಇದೊಂದೇ. ಈ ಸರದಾರರ ಬಗ್ಗೆ ನಮಗೆ ತುಂಬಾ ಇಷ್ಟವಾದ ದೃಶ್ಯಗಳಲ್ಲಿ ಬಹುಪಾಲು, ಆ ಸರದಾರರಿಗಿಂತ ವಯಸ್ಸಲ್ಲಿ ತುಂಬಾ ಚಿಕ್ಕವು. ಹಾಗಾಗಿ ಪುಸ್ತಕ ಓದ್ತಾ ಓದ್ತಾ ‘ಈ ಮಾತು ಮೊದಲು ಹೇಳಿದವರು ಯಾರು, ಎಷ್ಟು ವರ್ಷ ಆದಮೇಲೆ, ಯಾರ ಮನೆ ಅನ್ನ ಉಂಡು’ ಅಂತ ಕೇಳ್ಕೋಬೇಕು. ಹಾಗೆ ಕೇಳಿದರೆ ಓದಿನ ರುಚಿ ಕೆಡುತ್ತೆ ಅಂತ ಕೆಲವರು ಹೆದರ್ತಾರೆ. ನನ್ನ ಅನುಭವ ತಿರುಗಾಮುರುಗಾ.

ಕಾಲದ ಚೌಕಟ್ಟನ್ನ ಎರಡು ಮಾತಲ್ಲಿ ಹೇಳಿಬಿಡ್ತೀನಿ. 1467ರಲ್ಲಿ ಕ್ಯೋಟೊ ನಗರದಲ್ಲಿ ಓನಿನ್ ಯುದ್ಧ ಶುರುವಾಯ್ತು, ಹತ್ತು ವರ್ಷ ನಡೆದು ಊರನ್ನ ಬೂದಿ ಮಾಡ್ತು. ಅಲ್ಲಿಂದ ಮುಂದೆ ನೂರು ಚಿಲ್ಲರೆ ವರ್ಷ ಶೋಗನ್ ಅನ್ನೋನು, ಅಂದರೆ ದೇಶ ಆಳಬೇಕಾದ ಮಹಾ ಸೇನಾಧಿಪತಿ, ಹೆಸರಿಗೆ ಮಾತ್ರ. ಸೀಮೆ ಸೀಮೆಗೊಬ್ಬ ದಾಯಿಮ್ಯೊ. ‘ಪಾಳೇಗಾರ’ ಅನ್ನೋ ನಮ್ಮ ಮಾತು ಹತ್ತಿರ ಬರುತ್ತೆ, ಪೂರ್ತಿ ಹೊಂದಲ್ಲ. ಈ ಕಾಲಕ್ಕೆ ಸೆಂಗೊಕು ಅಂತಾರೆ. ನೊಬುನಾಗ ಅರ್ಧ ದೇಶ ಒಟ್ಟುಮಾಡಿದ, ಹಿಡೆಯೋಶಿ ಮುಗಿಸಿದ, 1600ರ ಸೆಕಿಗಾಹಾರಾ ಯುದ್ಧ ಗೆದ್ದು ಇಯೆಯಾಸು ಅದನ್ನ ಮನೆತನದ ಆಸ್ತಿ ಮಾಡಿಕೊಂಡ. ಚೌಕಟ್ಟು ಇಷ್ಟು ಸಾಕು.

ಈಗ ಇಬ್ಬರು ಬರಹಗಾರರನ್ನ ಪರಿಚಯ ಮಾಡಿಕೊಡ್ತೀನಿ. ಇವರಿಬ್ಬರು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಮೊದಲನೆಯವನು ಓತಾ ಗ್ಯೂಯಿಚಿ. ನೊಬುನಾಗನ ಹತ್ತಿರ ಬಿಲ್ಲುಗಾರನಾಗಿದ್ದವನು, ಆಮೇಲೆ ಆಡಳಿತದ ಕೆಲಸ ನೋಡಿಕೊಂಡವನು. ಒಡೆಯ ಸತ್ತ ಮೇಲೆ, ತಾನು ಗುರುತು ಹಾಕಿಟ್ಟುಕೊಂಡಿದ್ದನ್ನೆಲ್ಲ ಸೇರಿಸಿ ‘ಶಿಂಚೊ ಕೋಕಿ’ ಅಂತ ಒಂದು ವೃತ್ತಾಂತ ಬರೆದ. ಅವನ ಕೈಬರಹದ್ದೇ ಪ್ರತಿ ಉಳಿದಿದೆ. 1610ರಲ್ಲಿ, 84ನೇ ವಯಸ್ಸಲ್ಲಿ ಸಹಿ ಮಾಡಿದ್ದಾನೆ. ಕೊನೆಯಲ್ಲಿ ಒಂದು ಮಾತು ಬರೀತಾನೆ: ಇದ್ದದ್ದನ್ನ ಬಿಟ್ಟಿಲ್ಲ, ಇಲ್ಲದ್ದನ್ನ ಸೇರಿಸಿಲ್ಲ, ಒಂದು ಸುಳ್ಳು ಬರೆದಿದ್ದರೂ ಮೇಲಿರೋ ದೈವ ಏನಂದೀತು ಅಂತ. ಗದ್ಯ ಒಣಕಲು. ಯಾರ ಜೊತೆ ಯಾರು ಹೋದರು, ಯಾವ ಊರಲ್ಲಿ ತಂಗಿದರು, ಯಾರಿಗೆ ಏನು ಉಡುಗೊರೆ ಬಂತು. ಶ್ಯಾನುಭೋಗರ ಲೆಕ್ಕದ ಪುಸ್ತಕ ಓದಿದ ಹಾಗಿರುತ್ತೆ.

ಎರಡನೆಯವನು ಓಜೆ ಹೋಆನ್. ವೈದ್ಯ, ಕನ್‌ಫ್ಯೂಷಿಯಸ್‌ನ ಗ್ರಂಥಗಳನ್ನ ಓದಿಕೊಂಡ ಪಂಡಿತ. ಗ್ಯೂಯಿಚಿಯ ಒಣ ಗದ್ಯ ತಗೊಂಡು, ಅದಕ್ಕೆ ಒಗ್ಗರಣೆ ಹಾಕಿ, ನೀತಿ ಬೆರೆಸಿ, ಸಂಭಾಷಣೆ ಕೊಟ್ಟು ಹೊಸ ಪುಸ್ತಕ ಮಾಡಿದ. ಅದು ಅಚ್ಚಾಯ್ತು. ಗ್ಯೂಯಿಚಿಯದ್ದು ಹಸ್ತಪ್ರತಿಯಾಗೇ ಉಳೀತು. ಮುಂದಿನ ಇನ್ನೂರೈವತ್ತು ವರ್ಷ ಜನ ಓದಿದ್ದು ಯಾರನ್ನ ಅಂತ ಬೇರೆ ಹೇಳಬೇಕಾಗಿಲ್ಲ.

ಹೋಆನ್ ಬಗ್ಗೆ ಅವನ ಕಾಲದವರೇ ಗೊಣಗಿದ್ದಾರೆ. ಓಕುಬೊ ತಾದಾತಾಕಾ ಅಂತ ಒಬ್ಬ ಮುದಿ ಸಮುರಾಯ್, ಇಯೆಯಾಸುವಿನ ಹಳೆ ಬಂಟ. ಅವನು ‘ಮಿಕಾವಾ ಮೊನೊಗಾತಾರಿ’ಯಲ್ಲಿ ಬರೀತಾನೆ: ಈ ಪುಸ್ತಕ ನೋಡಿದೆ, ಸುಳ್ಳು ಬಹಳ. ಮೂರರಲ್ಲಿ ಒಂದು ಪಾಲು ನಡೆದದ್ದು, ಒಂದು ಪಾಲು ಸುಮಾರಾಗಿ ಅದರ ಹಾಗೆ ಇದ್ದದ್ದು, ಇನ್ನೊಂದು ಪಾಲಿಗೆ ತಲೆಯೂ ಇಲ್ಲ ಬುಡವೂ ಇಲ್ಲ. ಪುಸ್ತಕ ವಿಮರ್ಶೆ ಅಂದರೆ ಹೀಗಿರಬೇಕು ನೋಡಿ! ಆದರೆ ಈ ಮುದುಕನನ್ನೂ ಪೂರ್ತಿ ನಂಬೋ ಹಾಗಿಲ್ಲ. ಅವನ ಪುಸ್ತಕದ ತುಂಬಾ, ನಮ್ಮ ಮನೆಯವರು ಇಷ್ಟು ತಲೆಮಾರು ರಕ್ತ ಹರಿಸಿದರೂ ಒಡೆಯರು ನಮ್ಮನ್ನ ಕೇಳೋರಿಲ್ಲ ಅನ್ನೋ ಹೊಟ್ಟೆಯುರಿ. ಮಕ್ಕಳು ಮೊಮ್ಮಕ್ಕಳಿಗಷ್ಟೇ, ಹೊರಗಿನವರಿಗೆ ತೋರಿಸಬೇಡಿ ಅಂತ ಬೇರೆ ಬರೆದಿಟ್ಟಿದ್ದಾನೆ.

ಈಗ ನನ್ನದೇ ಒಂದು ಪೆದ್ದುತನ ಹೇಳ್ತೀನಿ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಪುರವಣಿಗೆ ನಾಗಾಶಿನೊ ಯುದ್ಧದ ಮೇಲೆ ಲೇಖನ ಬರೆದಿದ್ದೆ. 1575. ತಾಕೆದಾ ಕಾತ್ಸುಯೊರಿಯ ಕುದುರೆ ಪಡೆ ನುಗ್ಗಿ ಬರುತ್ತೆ. ನೊಬುನಾಗ ಮರದ ಬೇಲಿ ಹಾಕಿ, ಹಿಂದೆ 3000 ಬಂದೂಕಿನವರನ್ನ ಮೂರು ಸಾಲು ಮಾಡಿ ನಿಲ್ಲಿಸ್ತಾನೆ. ಮೊದಲ ಸಾಲು ಹೊಡೆದು ಹಿಂದೆ ಸರಿಯೋದು, ಎರಡನೆಯದು ಮುಂದೆ ಬರೋದು, ಮೂರನೆಯದು ಮದ್ದು ತುಂಬೋದು. ನಿಲ್ಲದ ಗುಂಡಿನ ಮಳೆ. ಮಧ್ಯಯುಗ ಅವತ್ತಿಗೆ ಮುಗೀತು ಅಂತೆಲ್ಲ ಬರೆದು ಬೆನ್ನು ತಟ್ಟಿಕೊಂಡಿದ್ದೆ. ಮೂರು ಬೇರೆ ಬೇರೆ ಇಂಗ್ಲಿಷ್ ಪುಸ್ತಕ ನೋಡಿ ಬರೆದದ್ದು, ಮೂರರಲ್ಲೂ ಹಾಗೇ ಇತ್ತು, ಇನ್ನೇನು ಬೇಕು?

ಮೂರಕ್ಕೂ ಬೇರು ಒಂದೇ ಅಂತ ಆಮೇಲೆ ಗೊತ್ತಾಯ್ತು. ಸಾಲು ಬದಲಾಯಿಸಿ ಹೊಡೆದ ಕಥೆ ಹೋಆನ್‌ದು. ಗ್ಯೂಯಿಚಿಯಲ್ಲಿ ಅದು ಇಲ್ಲ. ಅವನು ಬಂದೂಕಿನವರ ಮೇಲೆ ಯಾರನ್ನ ಮುಖ್ಯಸ್ಥರು ಮಾಡಿದರು ಅಂತ ಹೇಳ್ತಾನೆ, ತಾಕೆದಾ ಕಡೆಯವರು ಅಲೆ ಅಲೆಯಾಗಿ ಬಂದು ಬಂದು ಸತ್ತದ್ದನ್ನ ಹೇಳ್ತಾನೆ, ಅಷ್ಟೆ. ಬಂದೂಕು ಎಷ್ಟು? ಇಲ್ಲಿ ಸ್ವಲ್ಪ ಹತ್ತಿರ ಬಂದು ನೋಡಬೇಕು. ಜಪಾನೀ ಬರಹದಲ್ಲಿ ಸಾವಿರಕ್ಕೆ ಒಂದು ಅಕ್ಷರ, ಮೂರಕ್ಕೆ ಮೂರು ಅಡ್ಡಗೆರೆ. ಸಾವಿರದ ಹಿಂದೆ ಮೂರು ಗೆರೆ ಎಳೆದರೆ ಮೂರು ಸಾವಿರ ಆಯ್ತು. ಗ್ಯೂಯಿಚಿಯ ಕೈಬರಹದ ಪ್ರತಿಯಲ್ಲಿ ಮೂಲ ಸಾಲಲ್ಲಿ ಇರೋದು ಸಾವಿರ. ಪಕ್ಕದ ಸಂದಿಯಲ್ಲಿ, ಚಿಕ್ಕದಾಗಿ, ಮೂರು ಗೆರೆ ಸೇರಿಸಿದೆ. ಮುದುಕ ತಾನೇ ತಪ್ಪು ತಿದ್ದಿಕೊಂಡನೋ, ಅಚ್ಚಿನ ಪುಸ್ತಕ ನೋಡಿದ ಬೇರೊಬ್ಬರು ‘ಸರಿ’ ಮಾಡಿದರೋ, ಇವತ್ತಿಗೂ ವಿದ್ವಾಂಸರು ಜಗಳ ಆಡ್ತಾರೆ. ಎರಡು ಸಾವಿರ ಬಂದೂಕು ನಿಂತಿರೋದು ಆ ಮೂರು ಗೆರೆ ಮೇಲೆ.

ಕುದುರೆ ಪಡೆ ಅಂದೆನಲ್ಲ, ಅದನ್ನೂ ಹೇಳಿಬಿಡ್ತೀನಿ. ಕುರೊಸಾವಾ 1980ರಲ್ಲಿ ಮಾಡಿದ ‘ಕಾಗೆಮುಶಾ’ ಸಿನಿಮಾ ಇಲ್ಲಿ ಎಷ್ಟೋ ಜನ ನೋಡಿದ್ದೀರಿ. ಅದರ ಕೊನೆಯ ಯುದ್ಧ ಇದೇ ನಾಗಾಶಿನೊ. ಎತ್ತರದ ಕುದುರೆಗಳು ಕಣ್ಣು ತುಂಬುತ್ತವೆ. ಆ ಕಾಲದ ಜಪಾನಿನ ಕುದುರೆ, ನೆಲ ಅಗೆದಾಗ ಸಿಕ್ಕ ಅಸ್ಥಿ ಅಳೆದು ನೋಡಿದರೆ, ಹೆಗಲ ಎತ್ತರ ನಾಲ್ಕು ಅಡಿ, ನಾಲ್ಕೂಕಾಲು ಅಡಿ. ಈಗ ನಾವು ತಟ್ಟು ಅನ್ನೋ ಅಳತೆ. ಅದರ ಮೇಲೆ ಕವಚ ತೊಟ್ಟವನು ಕೂತರೆ ಹೇಗೆ ನುಗ್ಗಿಯಾನು ಅಂತ ನೀವೇ ಯೋಚನೆ ಮಾಡಿ. ಆ ಸಿನಿಮಾ ಮಾತ್ರ ನಾನು ಈಗಲೂ ಯಾವಾಗ ಹಾಕಿದರೂ ನೋಡ್ತೀನಿ.

ಹೋಆನ್‌ನ ಇನ್ನೊಂದು ದೊಡ್ಡ ದೃಶ್ಯ ಒಕೆಹಾಜಾಮಾ, 1560. ಇಮಾಗಾವಾ ಯೊಶಿಮೊತೊ ದೊಡ್ಡ ಸೈನ್ಯ ತಂದಿದ್ದಾನೆ, ನೊಬುನಾಗನ ಹತ್ತಿರ ಎರಡು ಸಾವಿರವೂ ಇಲ್ಲ. ಬಿರುಗಾಳಿ ಮಳೆ. ಜನಪ್ರಿಯ ಪುಸ್ತಕದ ನೊಬುನಾಗ ಸದ್ದಿಲ್ಲದೆ ಗುಡ್ಡದ ಹಿಂದಿನಿಂದ ಸುತ್ತು ಹೊಡೆದು ಬಂದು, ಕುಡಿದು ಕುಣೀತಾ ಇದ್ದ ಶತ್ರುವಿನ ಮೇಲೆ ಮೇಲಿನಿಂದ ಬೀಳ್ತಾನೆ. ಗ್ಯೂಯಿಚಿಯ ನೊಬುನಾಗ ಸುತ್ತುಗಿತ್ತು ಹೊಡೆಯಲ್ಲ. ಎದುರಿಂದಲೇ, ಶತ್ರುವಿಗೆ ಕಾಣೋ ಹಾಗೇ ಮುಂದೆ ಹೋಗ್ತಾನೆ. ಬಂಟರು ಬೇಡ ಬೇಡ ಅಂತ ಕುದುರೆ ಲಗಾಮು ಹಿಡಿದು ಎಳೀತಾರೆ, ಬಿಡಿಸಿಕೊಂಡು ಹೋಗ್ತಾನೆ. ಮಳೆ ಶತ್ರುವಿನ ಮುಖಕ್ಕೆ ರಾಚುತ್ತೆ, ಇವರ ಬೆನ್ನಿಗೆ ಬೀಳುತ್ತೆ. ಒಂದು ದೊಡ್ಡ ಕರ್ಪೂರದ ಮರ ಬುಡಮೇಲಾಗಿ ಪೂರ್ವಕ್ಕೆ ಬೀಳುತ್ತೆ. ಯಾವ ದಿಕ್ಕಿಗೆ ಬಿತ್ತು ಅಂತ ಬರೀತಾನಲ್ಲ, ಅಲ್ಲಿ ನನಗೆ ಗ್ಯೂಯಿಚಿ ಇಷ್ಟವಾಗ್ತಾನೆ. ಆದರೆ ಇದೇ ಮಹಾಶಯ ಆ ಯುದ್ಧದ ಇಸವಿಯನ್ನೇ ಎಂಟು ವರ್ಷ ಹಿಂದಕ್ಕೆ ಹಾಕಿಬಿಟ್ಟಿದ್ದಾನೆ. ಮರದ ದಿಕ್ಕು ಗೊತ್ತು, ವರ್ಷ ಗೊತ್ತಿಲ್ಲ!

ಸುತ್ತು ಹೊಡೆದ ಕಥೆ ಬರೀ ಕಥೆಯಾಗಿ ಉಳಿದಿದ್ದರೆ ನಾನು ಇಷ್ಟು ಹೊತ್ತು ತಗೋತಿರಲಿಲ್ಲ. ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ಜಪಾನಿನ ಸೇನಾ ಪ್ರಧಾನ ಕಚೇರಿ ಹಳೇ ಯುದ್ಧಗಳ ಚರಿತ್ರೆ ಬರೆಸ್ತು. ಅದರಲ್ಲಿ ಒಕೆಹಾಜಾಮಾಗೆ ಅವರು ಹಿಡಿದದ್ದು ಹೋಆನ್‌ನ ದಾರಿ. ಅಲ್ಲಿಂದ ಅದು ಅಧಿಕಾರಿಗಳ ತಲೆಗೆ ಹೋಯ್ತು. 1941ರ ಅಕ್ಟೋಬರಿನಲ್ಲಿ, ಪರ್ಲ್ ಹಾರ್ಬರಿಗೆ ಆರು ವಾರ ಇರುವಾಗ, ನೌಕಾಪಡೆಯ ಯಾಮಾಮೊತೊ ಇಸೊರೊಕು ನೌಕಾ ಮಂತ್ರಿ ಶಿಮಾದಾಗೆ ಒಂದು ಕಾಗದ ಬರೀತಾನೆ. ಒಕೆಹಾಜಾಮಾ, ಹಿಯೊದೊರಿಗೊಯೆ, ಕಾವಾನಾಕಾಜಿಮಾ ಈ ಮೂರು ಹಳೇ ಯುದ್ಧಗಳನ್ನೂ ಒಟ್ಟಿಗೆ ಮಾಡಬೇಕಾದ ಇಕ್ಕಟ್ಟಿಗೆ ಬಂದಿದ್ದೀವಿ ಅಂತ. ಒಬ್ಬ ವೈದ್ಯ ಪಂಡಿತ 1600ರ ಆಸುಪಾಸಿನಲ್ಲಿ ಹಾಕಿದ ಒಗ್ಗರಣೆಯ ವಾಸನೆ ಎಲ್ಲಿ ತನಕ ಬಂತು ನೋಡಿ.

ತಲೆಬುರುಡೆ ಕಥೆ ಕೇಳಿದ್ದೀರಾ? ನೊಬುನಾಗ ಶತ್ರುಗಳ ತಲೆಬುರುಡೆಗೆ ಚಿನ್ನ ಹಚ್ಚಿಸಿ ಅದರಲ್ಲಿ ಮದ್ಯ ಕುಡಿದ, ತನ್ನ ಬಂಟ ಅಕೆಚಿ ಮಿತ್ಸುಹಿಡೆಗೂ ಬಲವಂತ ಮಾಡಿ ಕುಡಿಸಿದ, 1582ರಲ್ಲಿ ಮಿತ್ಸುಹಿಡೆ ಹೊನ್ನೋಜಿ ಗುಡಿಯಲ್ಲಿ ಒಡೆಯನ ಮೇಲೆ ಬಿದ್ದು ಸಾವಿಗೆ ದೂಡಿದ ದ್ರೋಹಕ್ಕೆ ಆ ಸಿಟ್ಟೇ ಬೀಜ ಅಂತ. ಗ್ಯೂಯಿಚಿ ಏನು ಹೇಳ್ತಾನೆ? 1574ರ ಹೊಸವರ್ಷ. ಹೊರಗಿನ ಅತಿಥಿಗಳು ಹೋದ ಮೇಲೆ, ಸ್ವಂತ ಬಂಟರು ಮಾತ್ರ ಉಳಿದಾಗ, ಆಸಾಕುರಾ ಯೊಶಿಕಾಗೆ, ಅಜಾಯ್ ಹಿಸಾಮಾಸಾ, ಅಜಾಯ್ ನಾಗಾಮಾಸಾ ಮೂವರ ತಲೆಗಳಿಗೆ ಅರಗು ಬಳಿದು ಚಿನ್ನ ಹಚ್ಚಿ ತಟ್ಟೆ ಮೇಲೆ ತಂದಿಟ್ಟರು. ಅದನ್ನ ನೋಡ್ತಾ ಎಲ್ಲರೂ ಕುಡಿದರು, ಹಾಡಿದರು. ಬಟ್ಟಲು ಮಾಡಿದ ಮಾತೇ ಇಲ್ಲ. ನನ್ನನ್ನ ಕೇಳಿದರೆ ಇದು ಬಟ್ಟಲಿಗಿಂತ ಭಯಂಕರ. ನಾಗಾಮಾಸಾ ಅವನ ತಂಗಿಯ ಗಂಡ.

ಇನ್ನೂರೈವತ್ತು ವರ್ಷದ ಶಾಂತಿಯಲ್ಲಿ ಈ ಕಥೆಗಳು ಹೇಗೆ ಬೆಳೆದವು ಅನ್ನೋದಕ್ಕೆ ಬರೋಣ. ಯುದ್ಧವಿಲ್ಲ. ಕತ್ತಿ ಸೊಂಟದಲ್ಲಿದೆ, ಕೆಲಸ ಗುಮಾಸ್ತೆಯದು. ಊರಲ್ಲಿ ಓದು ಬಲ್ಲ ಜನ ಇದ್ದಾರೆ, ಮರದಚ್ಚಿನ ಪುಸ್ತಕಗಳಿವೆ, ಹೊತ್ತು ತಿರುಗಿ ಬಾಡಿಗೆಗೆ ಪುಸ್ತಕ ಕೊಡೋರಿದ್ದಾರೆ. ವೀರರ ಕಥೆಗೆ ಎಲ್ಲಿಲ್ಲದ ಗಿರಾಕಿ. ಆದರೆ ಇಯೆಯಾಸುವಿನ ಬಗ್ಗೆ, ಆಳೋ ಮನೆತನದ ಬಗ್ಗೆ ಬರೆಯೋ ಹಾಗಿಲ್ಲ, 1722ರಲ್ಲಿ ಕಟ್ಟಪ್ಪಣೆಯೇ ಆಯ್ತು. ಹಾಗಾದರೆ ಯಾರ ಬಗ್ಗೆ ಬರೀಬೇಕು? ಹಿಡೆಯೋಶಿ. ಬಡ ಮನೆಯಲ್ಲಿ ಹುಟ್ಟಿ, ಕಾಲಾಳಾಗಿ ಸೇರಿ, ದೇಶವನ್ನೇ ಆಳಿದವನು. ಹಿಡೆಯೋಶಿಯ ಮನೆತನವನ್ನ 1615ರಲ್ಲಿ ಒಸಾಕಾ ಕೋಟೆಯಲ್ಲಿ ನಿರ್ನಾಮ ಮಾಡಿದ್ದು ಇದೇ ತೊಕುಗಾವಾದವರು. ಹಾಗಿರೋವಾಗ ಅವನನ್ನ ಹೊಗಳೋದೇ ಒಂದು ಥರದ ತುಂಟತನ.

‘ಎಹೊನ್ ತಾಯ್ಕೋಕಿ’ ಅಂತ, ಹಿಡೆಯೋಶಿಯ ಸಚಿತ್ರ ಚರಿತ್ರೆ, 1797ರಿಂದ 1802ರ ತನಕ ಕಂತು ಕಂತಾಗಿ ಬಂತು, ಒಟ್ಟು 84 ಸಂಪುಟ. ಜನ ಮುಗಿಬಿದ್ದರು. 1804ರಲ್ಲಿ ಸರ್ಕಾರ ನಿಷೇಧ ಹಾಕ್ತು. ಅದೇ ಗಾಳಿಯಲ್ಲಿ ಹೆಸರಾಂತ ಚಿತ್ರಕಾರ ಉತಾಮಾರೊ ಹಿಡೆಯೋಶಿ ತನ್ನ ಹೆಂಡತಿ, ಉಪಪತ್ನಿಯರ ಜೊತೆ ಹೂವಿನ ಹಬ್ಬದಲ್ಲಿ ಕೂತ ಚಿತ್ರ ಅಚ್ಚು ಹಾಕಿಸಿದ್ದ. ಅವನ ಕೈಗೆ 50 ದಿನ ಕೋಳ ಹಾಕಿ ಮನೆಯಲ್ಲಿ ಕೂರಿಸಿದರು. ಚಿತ್ರಕಾರನ ಕೈಗೆ ಕೋಳ! ಎರಡು ವರ್ಷಕ್ಕೆ ಸತ್ತ. ಜನಪ್ರಿಯ ಚರಿತ್ರೆ ಅಂದರೆ ನಿರಪಾಯದ ಮನರಂಜನೆ ಅನ್ನೋರಿಗೆ ನಾನು ಈ ಕಥೆ ಹೇಳ್ತೀನಿ.

ಇಪ್ಪತ್ತನೇ ಶತಮಾನದಲ್ಲಿ ಬಾಡಿಗೆ ಪುಸ್ತಕದ ಜಾಗಕ್ಕೆ ದಿನಪತ್ರಿಕೆಯ ಧಾರಾವಾಹಿ ಬಂತು. ಯೊಶಿಕಾವಾ ಎಯ್ಜಿ ಹಿಡೆಯೋಶಿಯನ್ನ ಬರೆದದ್ದು ಹಾಗೆ, ಯುದ್ಧದ ವರ್ಷಗಳಲ್ಲಿ. ಯಾಮಾಓಕಾ ಸೋಹಾಚಿ ಇಯೆಯಾಸುವಿನ ಕಥೆಯನ್ನ 1950ರಲ್ಲಿ ಶುರು ಮಾಡಿ 1967ಕ್ಕೆ ಮುಗಿಸಿದ. 26 ಸಂಪುಟ. ಸೋತು ಸುಣ್ಣವಾದ ದೇಶ ತಾಳ್ಮೆಯಿಂದ ಎದ್ದು ನಿಲ್ತಾ ಇತ್ತು, ಕಾಯೋ ನಾಯಕ ಬೇಕಿತ್ತು. ಕಂಪನಿಗಳ ಮಾಲೀಕರು, ಮ್ಯಾನೇಜರುಗಳು ಅದನ್ನ ವ್ಯವಹಾರದ ಕೈಪಿಡಿ ಮಾಡಿಕೊಂಡರು. ಈಗ ನಮ್ಮ ವಿಮಾನ ನಿಲ್ದಾಣಗಳ ಅಂಗಡಿಯಲ್ಲಿ ‘ಸಮುರಾಯ್‌ಗಳಿಂದ ನಾಯಕತ್ವದ ಪಾಠ’ ಅನ್ನೋ ಧಾಟಿಯ ಪುಸ್ತಕ ಕಾಣ್ತೀರಲ್ಲ, ಅದರ ಮೂಲ ಇಲ್ಲಿದೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಹೆಂಡತಿ ಮತ್ತು ಹಿರಿಮಗನನ್ನ ರಾಜಕೀಯಕ್ಕಾಗಿ ಸಾಯಿಸಬೇಕಾಗಿ ಬಂದ ಮನುಷ್ಯನಿಂದ ಮಾರಾಟ ವಿಭಾಗದವರು ಏನು ಕಲೀತಾರೋ ನನಗೆ ಅರ್ಥವಾಗಲ್ಲ.

ಇನ್ನು ಶಿಬಾ ರ‍್ಯೋತಾರೊ. ಪತ್ರಕರ್ತನಾಗಿದ್ದವನು. ಅದು ಕಾವ್ಯನಾಮ. ಚೀನಾದ ಮಹಾ ಇತಿಹಾಸಕಾರ ಸಿಮಾ ಚಿಯೆನ್‌ನ ಹೆಸರಿನ ಮೊದಲ ಎರಡಕ್ಷರವೇ ಜಪಾನಿಯಲ್ಲಿ ‘ಶಿಬಾ’. ಪೂರ್ತಿ ಹೆಸರಿನ ಆಶಯ, ಸಿಮಾ ಚಿಯೆನ್‌ನಿಂದ ಬಹಳ ದೂರ ಇರೋನು, ಅವನ ಹತ್ತಿರಕ್ಕೂ ಬರಲಾರದವನು ಅಂತ. ಇಷ್ಟು ವಿನಯದ ಮನುಷ್ಯ ಬರೆದ ಕಾದಂಬರಿಗಳನ್ನ ಎರಡು ತಲೆಮಾರು ಚರಿತ್ರೆ ಅಂತಲೇ ಓದಿದ್ದು ವಿಪರ್ಯಾಸ. ತಪ್ಪು ಅವನದಲ್ಲ. ಕಥೆ ನಡುವೆ ನಿಲ್ಲಿಸಿ, ‘ಇದು ಬೇರೆ ಮಾತು, ಆದರೂ ಹೇಳ್ತೀನಿ’ ಅಂತ ಅಡ್ಡದಾರಿ ಹಿಡಿಯೋ ಅಭ್ಯಾಸ ಅವನಿಗೆ. ಆ ಅಡ್ಡದಾರಿಯಲ್ಲಿ ಸಿಗೋ ಮಾತೆಲ್ಲ ದಾಖಲೆಯ ಮಾತು ಅನ್ನಿಸಿಬಿಡುತ್ತೆ. ನನಗೂ ಅದೇ ಅಭ್ಯಾಸ ಅಂತ ನೀವು ಅಂದುಕೊಂಡಿರಬಹುದು. ಇರಲಿ.

ಹೀಗೆ ಹೇಳ್ತಾ ಹೋದರೆ ಅನುಮಾನ ಪಡೋದೇ ಜಾಣತನ ಅನ್ನಿಸೀತು. ಅದಕ್ಕೊಂದು ಎದುರು ಉದಾಹರಣೆ ಕೊಡಲೇಬೇಕು. ನಾಗಾಶಿನೊದಲ್ಲಿ ಸೋತ ಕಾತ್ಸುಯೊರಿಯ ತಂದೆ ತಾಕೆದಾ ಶಿಂಗೆನ್‌ಗೆ ಯಾಮಾಮೊತೊ ಕಾನ್ಸುಕೆ ಅಂತ ಒಬ್ಬ ಯುದ್ಧತಂತ್ರಜ್ಞ ಇದ್ದನಂತೆ. ಒಂದು ಕಣ್ಣಿಲ್ಲ, ಒಂದು ಕಾಲು ಕುಂಟು, ಬುದ್ಧಿ ಮಾತ್ರ ಕತ್ತರಿ. 1561ರ ಕಾವಾನಾಕಾಜಿಮಾ ಯುದ್ಧದಲ್ಲಿ ತನ್ನ ಉಪಾಯ ಕೆಟ್ಟಿತು ಅಂತ ಗೊತ್ತಾಗಿ ಶತ್ರುಗಳ ನಡುವೆ ನುಗ್ಗಿ ಸತ್ತನಂತೆ. ಅದೇ ಯುದ್ಧದಲ್ಲಿ ಎದುರಾಳಿ ಸರದಾರ ಉಎಸುಗಿ ಕೆನ್‌ಶಿನ್ ಒಂಟಿಯಾಗಿ ಕುದುರೆ ಮೇಲೆ ಬಂದು ಶಿಂಗೆನ್ ಮೇಲೆ ಕತ್ತಿ ಬೀಸಿದ, ಶಿಂಗೆನ್ ಕೂತಲ್ಲಿಂದಲೇ ಯುದ್ಧದ ಬೀಸಣಿಗೆ ಎತ್ತಿ ತಡೆದ ಅನ್ನೋ ಕಥೆಯೂ ಬರುತ್ತೆ. ನಾಗಾನೊದಲ್ಲಿ ಆ ಜಾಗದಲ್ಲಿ ಇಬ್ಬರ ಪ್ರತಿಮೆಯೂ ಇದೆ. ಇದೆಲ್ಲ ಹೇಳೋದು ‘ಕೋಯೊ ಗುಂಕಾನ್’ ಅನ್ನೋ ಪುಸ್ತಕ. ಮೇಜಿ ಕಾಲದ ವಿದ್ವಾಂಸರು ಅದನ್ನ ಸೋಸಿ ನೋಡಿ, ದಿನಾಂಕಗಳು ತಪ್ಪು, ನಂಬಲರ್ಹವಲ್ಲ ಅಂದರು. ಕಾನ್ಸುಕೆಯ ಹೆಸರು ಬೇರೆ ಯಾವ ದಾಖಲೆಯಲ್ಲೂ ಇಲ್ಲ, ಹಾಗಾಗಿ ಅಂಥ ಮನುಷ್ಯನೇ ಇರಲಿಲ್ಲ ಅಂತ ಮುಂದಿನ ಎಂಟು ದಶಕ ಅನೇಕರು ನಂಬಿದ್ದರು.

1969ರಲ್ಲಿ ಎನ್‌ಎಚ್‌ಕೆ ವಾಹಿನಿಯಲ್ಲಿ ಕೆನ್‌ಶಿನ್-ಶಿಂಗೆನ್ ಕಥೆ ವರ್ಷವಿಡೀ ಧಾರಾವಾಹಿಯಾಗಿ ಬರ್ತಾ ಇತ್ತು. ಅದನ್ನ ನೋಡ್ತಿದ್ದ, ದೂರದ ಹೊಕ್ಕಾಯ್ಡೊದ ಒಂದು ಹಳೇ ಮನೆತನದವರಿಗೆ, ನಮ್ಮ ಮನೆಯಲ್ಲೂ ಇಂಥ ಹಳೇ ಕಾಗದ ಇದೆಯಲ್ಲ ಅನ್ನಿಸ್ತು. ತೆಗೆದು ತೋರಿಸಿದರು. ಶಿಂಗೆನ್‌ನ ಪತ್ರ, 1557ರದ್ದು. ಕೊನೆಯಲ್ಲಿ, ಉಳಿದ ವಿವರ ಯಾಮಾಮೊತೊ ಕಾನ್ಸುಕೆ ಬಾಯಿಮಾತಲ್ಲಿ ಹೇಳ್ತಾನೆ ಅಂತ ಇದೆ. ಮಹಾ ತಂತ್ರಜ್ಞ ಅಂತ ಅದರಿಂದ ಸಾಬೀತಾಗಲ್ಲ. ಆದರೆ ಒಡೆಯನ ಗುಟ್ಟು ಹೊತ್ತು ಹೋಗೋವಷ್ಟು ನಂಬಿಕೆಯ ಮನುಷ್ಯ ಇದ್ದ. ಟೀವಿ ಧಾರಾವಾಹಿ ನೋಡಿ ಚರಿತ್ರೆ ತಿದ್ದುಪಡಿಯಾದ ಪ್ರಸಂಗ ಇದು.

ಇದಕ್ಕೆ ತದ್ವಿರುದ್ಧದ್ದೂ ಇದೆ. ಹಿಡೆಯೋಶಿ ಸುನೊಮಾತಾ ಅನ್ನೋ ಕಡೆ ಒಂದೇ ರಾತ್ರಿಯಲ್ಲಿ ಕೋಟೆ ಕಟ್ಟಿದ ಅನ್ನೋದು ಅವನ ಕಥೆಯಲ್ಲಿ ಎಲ್ಲರಿಗೂ ಪ್ರಿಯವಾದ ಭಾಗ. 1959ರ ದೊಡ್ಡ ಚಂಡಮಾರುತದಲ್ಲಿ ಒಂದು ಮನೆಯ ಮಣ್ಣಿನ ಉಗ್ರಾಣ ಕುಸಿದು ಹಳೇ ಕಾಗದಪತ್ರ ಸಿಕ್ಕವಂತೆ. 1987ರಲ್ಲಿ ‘ಬುಕೊ ಯಾವಾ’ ಅಂತ ಅಚ್ಚಾದಾಗ ಅದರಲ್ಲಿ ಆ ಕೋಟೆಯ ಮರಮುಟ್ಟು, ಆಳು, ನಕ್ಷೆ ಎಲ್ಲ ಇತ್ತು. ಕಾದಂಬರಿಕಾರರು ಹಬ್ಬ ಮಾಡಿದರು. ಆಮೇಲೆ ವಿದ್ವಾಂಸರು ಭಾಷೆ ನೋಡಿದರು, ಊರಿನ ಹೆಸರುಗಳನ್ನ ನೋಡಿದರು, ಇವು ಆ ಕಾಲದ್ದಲ್ಲ ಅಂದರು. ಈಗ ಅದನ್ನ ಬಹುಪಾಲು ಇತಿಹಾಸಕಾರರು ಹತ್ತಿರಕ್ಕೂ ಸೇರಿಸಲ್ಲ. ಆದರೆ ಕೋಟೆ? 1991ರಲ್ಲಿ ಅಲ್ಲಿ ಕಾಂಕ್ರೀಟಿನ ಬಿಳೀ ಕೋಟೆ ಎದ್ದು ನಿಂತಿದೆ, ಒಳಗೆ ವಸ್ತುಸಂಗ್ರಹಾಲಯ, ಪಕ್ಕದ ಓಗಾಕಿ ಕೋಟೆಯ ಗೋಪುರದ ಅಚ್ಚು. ಕಟ್ಟಿದ್ದೇ ನಿಜವಾಗಿದ್ದರೂ ಹಿಡೆಯೋಶಿ ಕಟ್ಟಿದ್ದು ಮರದ ಬೇಲಿ, ಅಟ್ಟಣೆ ಇದ್ದಿರಬೇಕು.

ನಮ್ಮ ಕಡೆಗೂ ಇದಕ್ಕೂ ಏನಾದರೂ ನಂಟಿದೆಯಾ ಅಂತ ಒಬ್ಬರು ಬರೋವಾಗಲೇ ಕೇಳಿದರು. ಇದೆ, ಗೋವಾದ ಬಾಗಿಲಿಂದ. ಬಿಜಾಪುರದವರಿಂದ 1510ರಲ್ಲಿ ಗೋವಾ ಕಿತ್ತುಕೊಂಡ ಪೋರ್ಚುಗೀಸರು 1543ರ ಹೊತ್ತಿಗೆ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂದೂಕು ಮುಟ್ಟಿಸಿದರು. ಆ ಬಂದೂಕಿನ ಬೀಗದ ರಚನೆ ಯುರೋಪಿನದಲ್ಲ, ಗೋವಾದಂಥ ಕಡೆ ತಯಾರಾಗ್ತಿದ್ದ ಮಾದರಿಯದು ಅನ್ನೋದು ಆಯುಧಗಳ ಇತಿಹಾಸ ಬಲ್ಲ ಹಲವರ ವಾದ. ನೊಬುನಾಗನನ್ನ ಕಣ್ಣಾರೆ ಕಂಡು ಬರೆದ ಪಾದ್ರಿ ಲೂಯಿಸ್ ಫ್ರೋಯಿಸ್ ಜಪಾನಿಗೆ ಹೋಗೋ ಮುಂಚೆ ಗೋವಾದಲ್ಲಿ ವರ್ಷಗಟ್ಟಲೆ ಇದ್ದವನು. ಜನವರಿ 1565ರಲ್ಲಿ ತಾಳಿಕೋಟೆಯಲ್ಲಿ ವಿಜಯನಗರ ಬಿತ್ತಲ್ಲ, ಅದೇ ವರ್ಷದ ಬೇಸಿಗೆಯಲ್ಲಿ ಕ್ಯೋಟೊದಲ್ಲಿ ಶೋಗನ್ ಯೊಶಿತೆರುವನ್ನ ಅವನ ಅರಮನೆಯಲ್ಲೇ ಕೊಂದರು. ಆಗ ಫ್ರೋಯಿಸ್ ಕ್ಯೋಟೊದಲ್ಲೇ ಇದ್ದ.

1569ರಲ್ಲಿ ಫ್ರೋಯಿಸ್ ನೊಬುನಾಗನನ್ನ ಭೇಟಿ ಮಾಡಿದ್ದು ಸಭಾಂಗಣದಲ್ಲಿ ಅಲ್ಲ, ಕೋಟೆ ಕಟ್ಟೋ ಜಾಗದಲ್ಲಿ, ಕಂದಕದ ಸೇತುವೆ ಮೇಲೆ. ಎತ್ತರ, ತೆಳ್ಳಗೆ, ಗಡ್ಡ ಕಮ್ಮಿ, ದನಿ ಕೀರಲು ಅಂತ ಬರೀತಾನೆ. ಕುಡಿಯೋದು ಕಮ್ಮಿ ಅಂತಲೂ ಬರೀತಾನೆ, ತಲೆಬುರುಡೆ ಬಟ್ಟಲಿನವರು ಕೇಳಿಸಿಕೊಳ್ಳಲಿ. ಅದೇ ಜಾಗದಲ್ಲಿ ಒಬ್ಬ ಸೈನಿಕ ತಮಾಷೆಗೆ ಒಬ್ಬ ಹೆಂಗಸಿನ ಮುಸುಕು ಎತ್ತಿ ನೋಡಿದನಂತೆ. ನೊಬುನಾಗ ಎಲ್ಲರೆದುರಿಗೆ ತನ್ನ ಕೈಯಾರೆ ಅವನ ತಲೆ ಹಾರಿಸಿದನಂತೆ. ಫ್ರೋಯಿಸ್‌ಗೂ ಪಕ್ಷಪಾತ ಇದೆ. ಬೌದ್ಧ ಬಿಕ್ಕುಗಳನ್ನ ಸುಟ್ಟವನು ಪಾದ್ರಿಗೆ ಒಳ್ಳೆಯವನಾಗಿ ಕಾಣೋದು ಸಹಜ.

ಫ್ರೋಯಿಸ್‌ನ ಮೇಲಧಿಕಾರಿ ವಾಲಿನ್ಯಾನೊ 1579ರಲ್ಲಿ ಬಂದಾಗ ಅವನ ಜೊತೆ ಒಬ್ಬ ಆಫ್ರಿಕದ ಆಳು ಇದ್ದ. ಈಗ ವಿಡಿಯೋ ಗೇಮಿನಿಂದ ನಿಮ್ಮ ಮೊಮ್ಮಕ್ಕಳಿಗೂ ಗೊತ್ತು, ಯಾಸುಕೆ. ಕ್ಯೋಟೊದ ಜನ ನೋಡೋಕೆ ಮುಗಿಬಿದ್ದರು. ಬಣ್ಣ ಹಚ್ಚಿದ್ದೇನೋ ಅಂತ ನೊಬುನಾಗ ಮೈ ತೊಳೆಸಿ ನೋಡಿದ. ಆಮೇಲೆ ತನ್ನ ಬಳಿ ಇಟ್ಟುಕೊಂಡ, ಮನೆ, ಸಂಬಳ, ಒಂದು ಚಿಕ್ಕ ಕತ್ತಿ ಕೊಟ್ಟ. ಅವನ ಬಗ್ಗೆ ಆ ಕಾಲದವರು ಬರೆದದ್ದನ್ನೆಲ್ಲ ಸೇರಿಸಿದರೆ ಒಂದೆರಡು ಪುಟ ಆದೀತು. ಅದರ ಮೇಲೆ ನಾನೂರು ಪುಟದ ಪುಸ್ತಕ ಬಂದರೆ, ಉಳಿದ ಮುನ್ನೂರ ತೊಂಬತ್ತೆಂಟು ಪುಟ ಎಲ್ಲಿಂದ ಬಂತು ಅಂತ ಕೇಳೋ ಹಕ್ಕು ನಮಗಿದೆ. ‘ಅವನು ಸಮುರಾಯ್ ಹೌದೋ ಅಲ್ಲವೋ’ ಅಂತ ಲೋಕವೆಲ್ಲ ಕಚ್ಚಾಡ್ತಾ ಇದೆ. ಅದೇ ಕಾಲಕ್ಕೆ ನಮ್ಮ ದಖ್ಖನ್ನಿನಲ್ಲಿ ಆಫ್ರಿಕದಿಂದ ಗುಲಾಮನಾಗಿ ಬಂದ ಮಲಿಕ್ ಅಂಬರ್ ಬೆಳೀತಾ ಇದ್ದ, ಮುಂದೆ ಅಹಮದ್‌ನಗರವನ್ನೇ ಆಳಿದ. ಆ ಸಮುದ್ರದ ದಾರಿಯಲ್ಲಿ ಇಂಥ ಬದುಕುಗಳು ಅಪರೂಪವೇನಲ್ಲ.

ನೊಬುನಾಗ ತನ್ನ ಅಜುಚಿ ಕೋಟೆಯ ಚಿತ್ರ ಬರೆಸಿದ್ದ ಮಡಚೋ ತೆರೆಯೊಂದನ್ನ ಇದೇ ವಾಲಿನ್ಯಾನೊಗೆ ಕೊಟ್ಟ. ಅದು ನಾಲ್ಕು ಜಪಾನೀ ಹುಡುಗರ ಜೊತೆ 1582ರಲ್ಲಿ ಹೊರಟು, ಗೋವಾ ಹಾದು, 1585ರಲ್ಲಿ ರೋಮಿನಲ್ಲಿ ಪೋಪನ ಕೈಸೇರಿತು. ಆಮೇಲೆ ಕಳೆದುಹೋಯ್ತು. ಕೋಟೆ ಅಷ್ಟರಲ್ಲಿ ಸುಟ್ಟುಹೋಗಿತ್ತು. ಪುಸ್ತಕಗಳ ಹೊದಿಕೆ ಮೇಲೆ ನೀವು ನೋಡೋ ಕೆಂಪು, ಬಂಗಾರದ ಅಜುಚಿ ಕೋಟೆ ಎಲ್ಲ ಊಹೆ. ಆ ನಾಲ್ವರಲ್ಲಿ ಒಬ್ಬ ಹುಡುಗ, ಹಾರಾ ಮಾರ್ಟಿನೊ, ವಾಪಸ್ಸು ಬರೋವಾಗ 1587ರಲ್ಲಿ ಗೋವಾದಲ್ಲಿ ಲ್ಯಾಟಿನ್‌ನಲ್ಲಿ ಭಾಷಣ ಮಾಡಿದ. ಮರುವರ್ಷ ಅದು ಗೋವಾದಲ್ಲೇ ಅಚ್ಚಾಯ್ತು.

ಜನಪ್ರಿಯ ಪುಸ್ತಕಗಳು ಏನು ಸೇರಿಸ್ತವೆ ಅಂತ ಇಷ್ಟು ಹೊತ್ತು ಹೇಳಿದೆ. ಏನು ಬಿಡ್ತವೆ ಅನ್ನೋದು ನನಗೆ ಇನ್ನೂ ಚುಚ್ಚೋ ವಿಷಯ. ಹಿಡೆಯೋಶಿ 1592ರಲ್ಲಿ ಕೊರಿಯಾ ಮೇಲೆ ದಂಡೆತ್ತಿ ಹೋದ, ಸಾಯೋ ತನಕ, ಅಂದರೆ 1598ರ ತನಕ ಅದು ನಡೀತು. ಬಡ ಹುಡುಗ ಮೇಲೆ ಬಂದ ಕಥೆಯನ್ನ ಆರುನೂರು ಪುಟ ಬರೆಯೋರು ಈ ಆರು ವರ್ಷಕ್ಕೆ ಹತ್ತು ಪುಟ ಕೊಟ್ಟರೆ ಹೆಚ್ಚು. ಕ್ಯೋಟೊದಲ್ಲಿ ಹಿಡೆಯೋಶಿಯ ಗುಡಿಯ ಎದುರಿಗೇ ಹುಲ್ಲು ಬೆಳೆದ ಒಂದು ದಿಬ್ಬ ಇದೆ, ಮೇಲೆ ಕಲ್ಲ ಗೋಪುರ. ‘ಮಿಮಿಜುಕಾ’, ಕಿವಿಗಳ ದಿಬ್ಬ ಅಂತಾರೆ. ಒಳಗಿರೋದು ಹೆಚ್ಚಾಗಿ ಮೂಗು. ಸತ್ತವರ ತಲೆ ಸಾಗಿಸೋದು ಕಷ್ಟ ಅಂತ ಮೂಗು ಕೊಯ್ದು ಉಪ್ಪು ಹಾಕಿ ಹಡಗಿನಲ್ಲಿ ಕಳಿಸಿದರು. ಇಷ್ಟು ಮೂಗು ತಲುಪಿದೆ ಅಂತ ಸರದಾರರಿಗೆ ಕೊಟ್ಟ ರಸೀದಿಗಳು ಇವತ್ತಿಗೂ ಉಳಿದಿವೆ. ದಿನಾಂಕ, ಸಂಖ್ಯೆ, ಸಹಿ. ಸಮುರಾಯ್ ಚರಿತ್ರೆಯ ಅತ್ಯಂತ ಪ್ರಾಮಾಣಿಕ ದಾಖಲೆ ಯಾವುದು ಅಂತ ಕೇಳಿದರೆ ನಾನು ಆ ರಸೀದಿ ಅಂತೀನಿ.

ಪುಸ್ತಕ ಕೊಳ್ಳೋರಿಗೆ ಒಂದು ಸುಳಿವು ಕೊಡ್ತೀನಿ. ಅಂಗಡಿಯಲ್ಲಿ ನಿಂತುಕೊಂಡೇ ಎರಡು ಜಾಗ ತೆರೆದು ನೋಡಿ. ನಾಗಾಶಿನೊ ಇರೋ ಪುಟ ಮತ್ತು ಕೊರಿಯಾ ಇರೋ ಪುಟ. ಮೂರು ಸಾಲು, ಮೂರು ಸಾವಿರ ಅಂತ ಕಣ್ಣು ಮುಚ್ಚಿ ಬರೆದಿದ್ದರೆ, ಕೊರಿಯಾ ಎರಡು ಪ್ಯಾರಾದಲ್ಲಿ ಮುಗಿದಿದ್ದರೆ, ಅದನ್ನ ಕಾದಂಬರಿ ಅಂತ ತಿಳಿದು ಕೊಳ್ಳಿ. ಕಾದಂಬರಿ ಕೊಳ್ಳಬಾರದು ಅಂತೇನಿಲ್ಲವಲ್ಲ. ಗ್ಯೂಯಿಚಿಯ ಪುಸ್ತಕವೇ 2011ರಲ್ಲಿ ಎಲಿಸೋನಾಸ್ ಮತ್ತು ಲಾಮರ್ಸ್ ಅವರ ಇಂಗ್ಲಿಷ್ ಅನುವಾದದಲ್ಲಿ ಬಂದಿದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ, ಗ್ರಂಥಾಲಯಕ್ಕೆ ತರಿಸಿ ಅಂತ ಅರ್ಜಿ ಕೊಡಿ.

ಕೊನೆಗೆ ಒಂದು ಕಾಗದ ಓದಿ ಕೂತ್ಕೋತೀನಿ. ಕಥೆಗಳಲ್ಲಿ ನೊಬುನಾಗ ಹಿಡೆಯೋಶಿಯನ್ನ ಸದಾ ‘ಕೋತಿ’ ಅಂತ ಕರೀತಾನೆ. ಆದರೆ ನೊಬುನಾಗ ಹಿಡೆಯೋಶಿಯ ಹೆಂಡತಿ ನೆನೆಗೆ ಬರೆದ ನಿಜವಾದ ಕಾಗದವೇ ಉಳಿದಿದೆ. 1576ರ ಆಸುಪಾಸಿನದ್ದು. ಅವಳು ಅಜುಚಿಗೆ ಉಡುಗೊರೆ ತಗೊಂಡು ಬಂದಿದ್ದಳು, ಗಂಡನ ಹೆಣ್ಣಿನ ಚಟದ ಬಗ್ಗೆ ಹೇಳಿಕೊಂಡು ಅತ್ತಿರಬೇಕು. ಭಾವ ಇಟ್ಟುಕೊಂಡು ನನ್ನ ಮಾತಲ್ಲಿ ಹೇಳ್ತೀನಿ. ನೀನು ತಂದ ಉಡುಗೊರೆ ಎಷ್ಟು ಚೆನ್ನಾಗಿತ್ತು ಅಂದರೆ, ಪ್ರತಿಯಾಗಿ ಏನು ಕೊಡಬೇಕೋ ತಿಳೀದೆ ಈ ಸಲ ಬಿಟ್ಟೆ, ಮುಂದಿನ ಸಲ ಬಂದಾಗ ಕೊಡ್ತೀನಿ. ಹಿಂದೆ ನೋಡಿದಾಗ ನಿನ್ನ ಚೆಲುವು ಹತ್ತಿದ್ದರೆ ಈಗ ಇಪ್ಪತ್ತಾಗಿದೆ. ತೋಕಿಚಿರೊ (ಹಿಡೆಯೋಶಿಯ ಇನ್ನೊಂದು ಹೆಸರು) ನಿನ್ನ ಮೇಲೆ ಅದಿಲ್ಲ ಇದಿಲ್ಲ ಅಂತ ಗೊಣಗ್ತಾನೆ ಅಂದರೆ ಅದು ಅತಿರೇಕ. ಎಲ್ಲಿ ಹುಡುಕಿದರೂ ಆ ಬೋಳು ಇಲಿಗೆ ನಿನ್ನಂಥವಳು ಇನ್ನೊಬ್ಬಳು ಸಿಗಲ್ಲ. ನೀನೂ ಮನೆಯ ಹಿರಿಯ ಹೆಂಡತಿ ಅನ್ನೋ ಗಾಂಭೀರ್ಯದಲ್ಲಿರು, ಹೊಟ್ಟೆಕಿಚ್ಚು ಪಡಬೇಡ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಡ.

ಇಷ್ಟು ಬರೆದು, ಸೀಮೆ ಸೀಮೆಗಳಿಗೆ ಹುಕುಂ ಕಳಿಸುವಾಗ ಒತ್ತೋ ತನ್ನ ಕೆಂಪು ಮುದ್ರೆಯನ್ನ ಅದರ ಮೇಲೂ ಒತ್ತಿದ್ದಾನೆ. ಕೆಳಗೆ ಒಂದು ಸಾಲು: ಈ ಕಾಗದವನ್ನ ಅವನಿಗೂ ತೋರಿಸು.